ಟ್ರಂಪ್ ವಾರೆನ್‌ಗೆ ಫೋನ್ ಮಾಡಿದ್ದೇಕೆ? ಕ್ರೆಡಿಟ್ ಕಾರ್ಡ್ ಬಡ್ಡಿ ಜಗಳದ ಒಳಸುಳಿ

2026ರ ಜನವರಿ 12ರ ಸುದ್ದಿ ಓದಿದವರಿಗೆ ಎಲ್ಲೋ ಹೆಸರು ತಪ್ಪಿ ಅಚ್ಚಾಗಿರಬೇಕು ಅನ್ನಿಸಿದ್ದರೆ ಆಶ್ಚರ್ಯವಿಲ್ಲ. ಅಧ್ಯಕ್ಷ ಡೊನಾಲ್ಡ್ ಟ್ರಂಪ್ ಡೆಮಾಕ್ರಾಟಿಕ್ ಪಕ್ಷದ ಸೆನೆಟರ್ ಎಲಿಜಬೆತ್ ವಾರೆನ್ ಅವರಿಗೆ ಫೋನ್ ಮಾಡಿದರು ಅನ್ನೋದು ಆ ಸುದ್ದಿ. ಇಬ್ಬರದೂ ಹಾವು ಮುಂಗುಸಿ ಸಂಬಂಧ. ತಮ್ಮದು ಮೂಲನಿವಾಸಿ ವಂಶ ಎಂದು ಹೇಳಿಕೊಂಡು ಆಮೇಲೆ ಕ್ಷಮೆ ಕೇಳಿದ್ದ ವಾರೆನ್ ಅವರನ್ನು ಟ್ರಂಪ್ ವರ್ಷಗಟ್ಟಲೆ ಹಳೆಯ ಕಾಲದ ಮೂಲನಿವಾಸಿ ಹೆಣ್ಣೊಬ್ಬಳ ಹೆಸರು ಹಿಡಿದು 'ಪೊಕಾಹಾಂಟಸ್' ಎಂದು ಆಡಿಕೊಂಡಿದ್ದರು. ಫೋನ್ ಬಂದ ದಿನವೂ ವಾರೆನ್ ಒಂದು ಭಾಷಣದಲ್ಲಿ ಟ್ರಂಪ್ ಅವರನ್ನು ತರಾಟೆಗೆ ತೆಗೆದುಕೊಂಡಿದ್ದರು.

ಮಾತು ನಡೆದದ್ದು ಕ್ರೆಡಿಟ್ ಕಾರ್ಡ್ ಬಡ್ಡಿಯ ಬಗ್ಗೆ. ಅದಕ್ಕೆ ಮೂರು ದಿನ ಮೊದಲು ಟ್ರಂಪ್ ಸಾಮಾಜಿಕ ಜಾಲತಾಣದಲ್ಲಿ ಒಂದು ಘೋಷಣೆ ಮಾಡಿದ್ದರು. ಜನವರಿ 20ರಿಂದ ಒಂದು ವರ್ಷ ಕಾರ್ಡ್ ಬಡ್ಡಿ ಶೇ 10 ದಾಟಬಾರದು ಎಂದಿದ್ದರು. ನೀವು ನಿಜವಾಗಿ ಪಟ್ಟು ಹಿಡಿದರೆ ಸಂಸತ್ತು ಇದನ್ನು ಕಾನೂನು ಮಾಡಬಹುದು ಎಂದು ಟ್ರಂಪ್‌ಗೆ ಹೇಳಿದೆ ಅಂತ ವಾರೆನ್ ತಿಳಿಸಿದರು.

ಹಾಗಾದರೆ ಇಬ್ಬರೂ ಒಂದಾದರಾ? ಗೊಂದಲ ಶುರುವಾಗೋದು ಇಲ್ಲೇ. ಗ್ರಾಹಕರನ್ನು ಬ್ಯಾಂಕುಗಳಿಂದ ಕಾಪಾಡಲು ವಾರೆನ್ ಕನಸು ಕಂಡು ಕಟ್ಟಿದ ಒಂದು ಕಚೇರಿ ಇದೆ. ಹೆಸರು ಗ್ರಾಹಕ ಹಣಕಾಸು ರಕ್ಷಣಾ ಬ್ಯೂರೋ, ಸಿಎಫ್‌ಪಿಬಿ. ಅದರ ಬಾಗಿಲು ಹಾಕಿಸಲು ಟ್ರಂಪ್ ಸರ್ಕಾರ ಆ ಫೋನಿಗೆ ಸುಮಾರು ಒಂದು ವರ್ಷ ಮೊದಲಿನಿಂದಲೂ ಹೊರಟಿದೆ. ಬಡ್ಡಿ ಇಳಿಸಿ ಎಂದು ಬ್ಯಾಂಕುಗಳಿಗೆ ಹೇಳಿದವರೇ, ಬ್ಯಾಂಕುಗಳ ಮೇಲೆ ಕಣ್ಣಿಡುವ ಕಾವಲುಗಾರನನ್ನು ಮನೆಗೆ ಕಳಿಸುತ್ತಿದ್ದಾರೆ. ಇದು ಅರ್ಥವಾಗಬೇಕಾದರೆ ಸುಮಾರು ಐವತ್ತು ವರ್ಷ ಹಿಂದಕ್ಕೆ ಹೋಗಬೇಕು.

ಮಿತಿ ಇತ್ತು, ಹೋಯಿತು

ಅಮೆರಿಕದಲ್ಲಿ ಬಡ್ಡಿಗೆ ಮಿತಿಯೇ ಇರಲಿಲ್ಲ ಎಂದಲ್ಲ. ಒಂದೊಂದು ರಾಜ್ಯಕ್ಕೆ ಒಂದೊಂದು ಮಿತಿ ಇತ್ತು. ಮಿನೆಸೋಟದಲ್ಲಿ ಕಾರ್ಡ್ ಸಾಲಕ್ಕೆ ಶೇ 12. ನೆಬ್ರಾಸ್ಕದಲ್ಲಿ ಶೇ 18ರವರೆಗೆ ಹಾಕಬಹುದಿತ್ತು. ನೆಬ್ರಾಸ್ಕದ ಒಂದು ಬ್ಯಾಂಕು ಮಿನೆಸೋಟದ ಜನರಿಗೆ ಕಾರ್ಡ್ ಕೊಟ್ಟು ನೆಬ್ರಾಸ್ಕದ ಬಡ್ಡಿ ಹಾಕತೊಡಗಿತು. ಮಿನೆಸೋಟದ ಮಾರ್ಕ್ವೆಟ್ ಬ್ಯಾಂಕು ಕೋರ್ಟಿಗೆ ಹೋಯಿತು. 1978ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು: ರಾಷ್ಟ್ರೀಯ ಬ್ಯಾಂಕಿಗೆ (ಅಂದರೆ ಕೇಂದ್ರದ ಪರವಾನಗಿ ಇರುವ ಬ್ಯಾಂಕಿಗೆ) ಅನ್ವಯಿಸುವುದು ಅದು ಕೂತಿರುವ ರಾಜ್ಯದ ಬಡ್ಡಿ, ಸಾಲಗಾರನ ರಾಜ್ಯದ್ದಲ್ಲ.

ಇದರ ಪರಿಣಾಮ ಏನು ಅಂತ ಬ್ಯಾಂಕುಗಳಿಗೆ ತಕ್ಷಣ ಹೊಳೆಯಿತು. ಮಿತಿಯೇ ಇಲ್ಲದ ಒಂದು ರಾಜ್ಯ ಸಿಕ್ಕರೆ ಸಾಕು, ಅಲ್ಲಿ ಕೂತು ಇಡೀ ದೇಶಕ್ಕೆ ಸಾಲ ಕೊಡಬಹುದು. ಸೌತ್ ಡಕೋಟ 1980ರಲ್ಲಿ ಮಿತಿ ತೆಗೆದುಹಾಕಿತು. ನ್ಯೂಯಾರ್ಕಿನ ಸಿಟಿಬ್ಯಾಂಕು ತನ್ನ ಕಾರ್ಡ್ ವ್ಯವಹಾರವನ್ನು ಗಂಟುಮೂಟೆ ಕಟ್ಟಿ ಅಲ್ಲಿನ ಸೂ ಫಾಲ್ಸ್ ಎಂಬ ಊರಿಗೆ ಸಾಗಿಸಿತು. ಮರುವರ್ಷ ಡೆಲವೇರ್ ಕೂಡ ಅದೇ ದಾರಿ ಹಿಡಿಯಿತು. ಉಳಿದ ರಾಜ್ಯಗಳ ಮಿತಿಗಳು ಪುಸ್ತಕದಲ್ಲಿ ಹಾಗೇ ಉಳಿದವು. ಕಾರ್ಡ್ ಮಟ್ಟಿಗೆ ಅವು ಇದ್ದೂ ಇಲ್ಲದಂತೆ.

ಇವತ್ತು ಅಮೆರಿಕದ ಕಾರ್ಡುಗಳ ಸರಾಸರಿ ಬಡ್ಡಿ ಶೇ 21ರ ಆಸುಪಾಸಿನಲ್ಲಿದೆ. ಜನರ ಒಟ್ಟು ಕಾರ್ಡ್ ಬಾಕಿ 1.2 ಲಕ್ಷ ಕೋಟಿ ಡಾಲರ್ ದಾಟಿದೆ. ಅಷ್ಟು ದೊಡ್ಡ ಸಂಖ್ಯೆ ತಲೆಗೆ ಹತ್ತಲ್ಲ, ಒಂದೇ ಕಾರ್ಡು ನೋಡೋಣ.

6,000 ಡಾಲರ್ ಬಾಕಿ, ವರ್ಷಕ್ಕೆ ಶೇ 22 ಬಡ್ಡಿ ಅಂತಿಟ್ಟುಕೊಳ್ಳಿ. ತಿಂಗಳಿಗೆ ಬಡ್ಡಿಯೇ 110 ಡಾಲರ್. ಬ್ಯಾಂಕು 'ಕನಿಷ್ಠ ಇಷ್ಟಾದರೂ ಕಟ್ಟಿ' ಅನ್ನುವ ಮೊತ್ತ ಸಾಮಾನ್ಯವಾಗಿ ಬಡ್ಡಿಯ ಜೊತೆ ಅಸಲಿನ ಶೇ 1, ಅಂದರೆ 170 ಡಾಲರ್. ಸಾಲಗಾರ ನಿಯತ್ತಿನಿಂದ 170 ಕಟ್ಟಿದರೆ ಅಸಲಿಗೆ ಹೋಗೋದು ಬರೀ 60. ಬಡ್ಡಿ ಶೇ 10ಕ್ಕೆ ಇಳಿದರೆ? ತಿಂಗಳ ಬಡ್ಡಿ 50. ಅದೇ 170 ಕಟ್ಟಿದರೆ 120 ಡಾಲರ್ ಅಸಲು ಕರಗುತ್ತದೆ, ಮೊದಲಿನ ಎರಡರಷ್ಟು. ಟ್ರಂಪ್ ಘೋಷಣೆಗೆ ಅಷ್ಟು ಜನ ಕಿವಿಗೊಟ್ಟಿದ್ದಕ್ಕೆ ಇದೇ ಕಾರಣ.

ದಿವಾಳಿ ಫೈಲುಗಳನ್ನು ಓದಿದ ಮೇಷ್ಟ್ರು

ವಾರೆನ್ ಈ ಕಥೆಗೆ ಬಂದದ್ದು ರಾಜಕಾರಣಿಯಾಗಿ ಅಲ್ಲ. ಓಕ್ಲಹೋಮದಲ್ಲಿ 1949ರಲ್ಲಿ ಹುಟ್ಟಿದವರು. ಹನ್ನೆರಡು ವರ್ಷದವರಿದ್ದಾಗ ತಂದೆಗೆ ಹೃದಯಾಘಾತವಾಯಿತು, ಸಂಪಾದನೆ ಕುಸಿಯಿತು, ತಾಯಿ ಸಿಯರ್ಸ್ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದರು. ಮುಂದೆ ಕಾನೂನು ಓದಿ ಮೇಷ್ಟ್ರಾದರು. 1995ರಲ್ಲಿ ಹಾರ್ವರ್ಡ್ ಸೇರಿದರು. 1990ರ ದಶಕದ ನಡುವಿನವರೆಗೂ ಅವರು ರಿಪಬ್ಲಿಕನ್ ಪಕ್ಷದ ನೋಂದಾಯಿತ ಮತದಾರರಾಗಿದ್ದರು ಅಂದರೆ ಈಗ ನಂಬೋದು ಕಷ್ಟ.

ಅವರ ವಿಷಯ ದಿವಾಳಿ ಕಾನೂನು. 1980ರ ದಶಕದ ಆರಂಭದಲ್ಲಿ ಟೆಕ್ಸಾಸ್ ವಿಶ್ವವಿದ್ಯಾಲಯದ ಇಬ್ಬರು ಸಹೋದ್ಯೋಗಿಗಳಾದ ಟೆರೆಸಾ ಸಲಿವನ್ ಮತ್ತು ಜೇ ವೆಸ್ಟ್‌ಬ್ರೂಕ್ ಜೊತೆ ಒಂದು ಕೆಲಸಕ್ಕೆ ಕೈಹಾಕಿದರು. ದಿವಾಳಿ ಅರ್ಜಿ ಹಾಕುವವರು ಯಾರು? ಆ ಪ್ರಶ್ನೆಗೆ ಪುಸ್ತಕದ ವಾದ ಹೂಡುವ ಬದಲು ಕೋರ್ಟುಗಳಿಗೇ ಹೋಗಿ ಅರ್ಜಿಗಳ ಪ್ರತಿ ಮಾಡಿಕೊಂಡು ಒಂದೊಂದಾಗಿ ಓದುವುದು. ಮೋಸಗಾರರನ್ನು ಬಯಲಿಗೆಳೆಯಬೇಕು ಎಂಬ ಮನಸ್ಸಿನಿಂದಲೇ ಹೊರಟಿದ್ದೆ ಎಂದು ವಾರೆನ್ ಆಮೇಲೆ ಹೇಳಿಕೊಂಡಿದ್ದಾರೆ. ಫೈಲುಗಳಲ್ಲಿ ಸಿಕ್ಕಿದವರು ಬೇರೆಯೇ ಜನ. ಕೆಲಸ ಕಳೆದುಕೊಂಡವರು, ಆಸ್ಪತ್ರೆ ಬಿಲ್ಲಿಗೆ ಸಿಕ್ಕಿದವರು, ವಿಚ್ಛೇದನದಿಂದ ಎರಡು ಮನೆಯಾದವರು. ಹೆಚ್ಚಿನವರು ಮಧ್ಯಮ ವರ್ಗದವರು.

ಅವರ ಎಲ್ಲ ಲೆಕ್ಕವನ್ನೂ ಎಲ್ಲರೂ ಒಪ್ಪಿಲ್ಲ. ದಿವಾಳಿಯಾದವರಲ್ಲಿ ಸುಮಾರು ಅರ್ಧದಷ್ಟು ಪ್ರಕರಣಗಳ ಹಿಂದೆ ಕಾಯಿಲೆ ಅಥವಾ ಆಸ್ಪತ್ರೆ ಖರ್ಚು ಇದೆ ಎಂದು 2005ರಲ್ಲಿ ವಾರೆನ್ ಮತ್ತು ಸಂಗಡಿಗರು ಬರೆದಾಗ, 'ಕಾಯಿಲೆಯೂ ಇತ್ತು' ಅನ್ನೋದಕ್ಕೂ 'ಕಾಯಿಲೆಯಿಂದಲೇ ದಿವಾಳಿ' ಅನ್ನೋದಕ್ಕೂ ವ್ಯತ್ಯಾಸ ಇದೆ, ನಿಜವಾದ ಪ್ರಮಾಣ ಇದಕ್ಕಿಂತ ಬಹಳ ಕಡಿಮೆ ಎಂದು ಬೇರೆ ಸಂಶೋಧಕರು ತಕರಾರು ಎತ್ತಿದರು. ಆ ತಕರಾರಿನಲ್ಲಿ ಹುರುಳಿದೆ. ಆದರೆ ದಿವಾಳಿ ಎಂದರೆ ಮೋಜು ಮಾಡಿ ಕೈಯೆತ್ತುವವರ ಉಪಾಯ ಎಂಬ ಹಳೆಯ ಚಿತ್ರ ಮಾತ್ರ ಮತ್ತೆ ಮೊದಲಿನಂತೆ ನಿಲ್ಲಲಿಲ್ಲ.

ಅದೇ 2005ರಲ್ಲಿ ದಿವಾಳಿ ಅರ್ಜಿ ಹಾಕುವುದನ್ನು ಕಷ್ಟ ಮಾಡುವ ಕಾನೂನು ಬಂತು. ಕಾರ್ಡ್ ಕಂಪನಿಗಳು ವರ್ಷಗಟ್ಟಲೆ ಬೆನ್ನುಹತ್ತಿ ಮಾಡಿಸಿದ ಕಾನೂನದು. ಸೆನೆಟ್ ವಿಚಾರಣೆಯಲ್ಲಿ ವಾರೆನ್ ವಿರೋಧಿಸಿದರು, ಎದುರು ಕೂತು ಸಮರ್ಥಿಸಿದವರು ಜೋ ಬೈಡನ್. ಬೈಡನ್ ಯಾವ ರಾಜ್ಯದವರು? ಡೆಲವೇರ್. ಮೇಲೆ ಹೇಳಿದ ಅದೇ ಡೆಲವೇರ್. ಬಡ್ಡಿಯ ವಿಷಯದಲ್ಲಿ ಪಕ್ಷಕ್ಕಿಂತ ಊರು ದೊಡ್ಡದು ಅನ್ನಬಹುದೇನೋ.

ಟೋಸ್ಟರ್ ಮತ್ತು ಸಾಲಪತ್ರ

ವಾರೆನ್ ಅವರ ಇಡೀ ವಿಚಾರ 2007ರ ಒಂದು ಲೇಖನದಲ್ಲಿದೆ. ಅದರ ತಿರುಳು ಇಷ್ಟು. ಐದರಲ್ಲಿ ಒಂದಕ್ಕೆ ಬೆಂಕಿ ಹತ್ತಿ ಮನೆ ಸುಡುವ ಟೋಸ್ಟರನ್ನು ಅಂಗಡಿಯಲ್ಲಿ ಮಾರಲು ಯಾರೂ ಬಿಡೋದಿಲ್ಲ. ಆದರೆ ಐದರಲ್ಲಿ ಒಂದು ಕುಟುಂಬವನ್ನು ಬೀದಿಗೆ ತರುವ ಗೃಹಸಾಲವನ್ನು ಆರಾಮಾಗಿ ಮಾರಬಹುದು.

ಕೇಳಲು ಸುಲಭ. ಆದರೆ ಇದರೊಳಗೆ ಒಂದು ದೊಡ್ಡ ಪಲ್ಲಟ ಇದೆ. ಅಲ್ಲಿಯವರೆಗೆ ಸಾಲ ಎಂದರೆ ಇಬ್ಬರ ನಡುವಿನ ಕರಾರು. ಓದಿ ಸಹಿ ಹಾಕಿದ್ದೀಯ, ಅನುಭವಿಸು. ವಾರೆನ್ ಹೇಳಿದ್ದು ಸಾಲವೂ ಒಂದು ಸರಕು ಅಂತ. ಟೋಸ್ಟರಿನ ವೈರಿಂಗ್ ಸರಿಯಿದೆಯಾ ಎಂದು ಕೊಳ್ಳುವವನು ಬಿಚ್ಚಿ ನೋಡಬೇಕಿಲ್ಲ, ಅದಕ್ಕೊಂದು ಸರ್ಕಾರಿ ಕಚೇರಿ ಇದೆ. ಸಾಲಪತ್ರದ ವೈರಿಂಗ್ ನೋಡುವವರು ಯಾರು? 1980ರ ದಶಕದ ಆರಂಭದಲ್ಲಿ ಒಂದು ಪುಟ ಇದ್ದ ಕಾರ್ಡ್ ಕರಾರು, ಇಪ್ಪತ್ತು ವರ್ಷದಲ್ಲಿ 30 ಪುಟ ದಾಟಿತು ಎಂದು ಅವರೇ ಅದರಲ್ಲಿ ಬರೆದರು. ಮೂವತ್ತು ಪುಟ ಓದಿಲ್ಲ ಎಂದು ಸಾಲಗಾರನನ್ನು ಬೈಯುವುದು ಸುಲಭ. ಒಂದು ಪುಟದ ವಿಷಯಕ್ಕೆ ಮೂವತ್ತು ಪುಟ ಯಾಕೆ ಬೇಕಾಯಿತು ಎಂದು ಬ್ಯಾಂಕನ್ನು ಕೇಳುವವರಿರಲಿಲ್ಲ.

ಮರುವರ್ಷವೇ ಗೃಹಸಾಲಗಳು ಕುಸಿದು ಜಗತ್ತಿನ ಹಣಕಾಸು ವ್ಯವಸ್ಥೆ ಮಕಾಡೆ ಮಲಗಿತು. ಬ್ಯಾಂಕುಗಳನ್ನು ಉಳಿಸಲು ಅಮೆರಿಕ 700 ಶತಕೋಟಿ ಡಾಲರ್ ತೆಗೆದಿಟ್ಟಿತು. ಆ ದುಡ್ಡಿನ ಮೇಲೆ ಕಣ್ಣಿಡುವ ಸಂಸದೀಯ ಸಮಿತಿಗೆ ವಾರೆನ್ ಅಧ್ಯಕ್ಷರಾದರು. 2010ರ ಜುಲೈ 21ರಂದು ಒಬಾಮಾ ಸಹಿ ಹಾಕಿದ, ಹಣಕಾಸು ಸುಧಾರಣೆಯ ಡಾಡ್-ಫ್ರಾಂಕ್ ಕಾನೂನಿನಿಂದ ಸಿಎಫ್‌ಪಿಬಿ ಹುಟ್ಟಿತು. ಅದನ್ನು ಕಟ್ಟಿ ನಿಲ್ಲಿಸಿದವರು ವಾರೆನ್. ಆದರೆ ಮುಖ್ಯಸ್ಥೆಯಾಗಲು ರಿಪಬ್ಲಿಕನ್ನರು ಬಿಡುವುದಿಲ್ಲ ಎಂದು ಖಚಿತವಾದಾಗ ಒಬಾಮಾ ರಿಚರ್ಡ್ ಕಾರ್ಡ್ರೇ ಅವರನ್ನು ಆರಿಸಿದರು. ವಾರೆನ್ 2012ರಲ್ಲಿ ಮ್ಯಾಸಚೂಸೆಟ್ಸ್‌ನಿಂದ ಚುನಾವಣೆಗೆ ನಿಂತು ಗೆದ್ದು ಸೆನೆಟ್‌ಗೆ ಬಂದರು. ಬ್ಯೂರೋದ ಕುರ್ಚಿ ಕೊಡದೆ ದೂರ ಇಟ್ಟವರಿಗೆ ಸೆನೆಟ್‌ನಲ್ಲಿ ಎದುರು ಕುರ್ಚಿಯಲ್ಲೇ ಸಿಕ್ಕಿದರು.

ಒಂದು ಕಾಫಿಗೆ 35 ಡಾಲರ್

ಈ ಬ್ಯೂರೋ ನಿಜಕ್ಕೂ ಮಾಡುವುದೇನು? ಓವರ್‌ಡ್ರಾಫ್ಟ್ ಶುಲ್ಕದ ಉದಾಹರಣೆ ಒಂದು ಸಾಕು. ಖಾತೆಯಲ್ಲಿ ದುಡ್ಡು ಇಲ್ಲದಿದ್ದರೂ ಬ್ಯಾಂಕು ಕಾರ್ಡನ್ನು ತಿರಸ್ಕರಿಸದೆ ಹಣ ಕೊಟ್ಟುಬಿಡುತ್ತದೆ. ಆಮೇಲೆ ಅದಕ್ಕೆ ದಂಡ ಹಾಕುತ್ತದೆ, ಬಹಳ ಕಡೆ 35 ಡಾಲರ್. ನಾಲ್ಕು ಡಾಲರಿನ ಕಾಫಿಗೂ ಅಷ್ಟೇ.

ಇದರಲ್ಲೊಂದು ಕೈಚಳಕ ಇತ್ತು. ಖಾತೆಯಲ್ಲಿ 100 ಡಾಲರ್ ಇದೆ. ಬೆಳಗ್ಗೆಯಿಂದ ಕ್ರಮವಾಗಿ 8, 12, 20 ಡಾಲರ್ ಖರ್ಚಾಯಿತು, ಸಂಜೆ 95 ಡಾಲರಿನ ಬಿಲ್ಲು ಬಂತು. ಬಂದ ಕ್ರಮದಲ್ಲೇ ಲೆಕ್ಕ ಹಾಕಿದರೆ ಮೊದಲ ಮೂರೂ ಸಲೀಸು, ಕೊನೆಯದಕ್ಕೆ ಮಾತ್ರ ದುಡ್ಡು ಸಾಲದು. ಒಂದು ದಂಡ, 35 ಡಾಲರ್. ಕೆಲವು ಬ್ಯಾಂಕುಗಳು ದಿನದ ಕೊನೆಗೆ ದೊಡ್ಡ ಮೊತ್ತವನ್ನು ಮೊದಲು ಕಳೆಯುತ್ತಿದ್ದವು. ಆಗ 95 ಮೊದಲು ಹೋಗಿ ಖಾತೆಯಲ್ಲಿ 5 ಉಳಿಯುತ್ತದೆ. 8, 12, 20 ಮೂರಕ್ಕೂ ದುಡ್ಡಿಲ್ಲ. ಮೂರು ದಂಡ, 105 ಡಾಲರ್. ಖರ್ಚು ಅದೇ, ದಿನ ಅದೇ, ಗ್ರಾಹಕ ಅದೇ. ಬದಲಾದದ್ದು ಲೆಕ್ಕದ ಸರದಿ ಮಾತ್ರ. ಸಾಲಪತ್ರದ ವೈರಿಂಗ್ ಅಂದರೆ ಇಂಥದ್ದೇ.

ಇನ್ನೊಂದು ದೊಡ್ಡ ಪ್ರಕರಣ ವೆಲ್ಸ್ ಫಾರ್ಗೊ ಬ್ಯಾಂಕಿನದು. ಪ್ರತಿ ಗ್ರಾಹಕನಿಗೂ ಎಂಟು ಖಾತೆ ಅಂಟಿಸಬೇಕು ಎಂಬ ಗುರಿ ಅಲ್ಲಿತ್ತು. ಯಾಕೆ ಎಂಟು? ಇಂಗ್ಲಿಷಿನಲ್ಲಿ 'ಏಯ್ಟ್' ಮತ್ತು 'ಗ್ರೇಟ್' ಪ್ರಾಸ ಕೂಡುತ್ತದೆ, ಅದನ್ನೇ ಘೋಷವಾಕ್ಯ ಮಾಡಿಕೊಂಡಿದ್ದರು. ಗುರಿ ಮುಟ್ಟಲಾಗದ ಸಿಬ್ಬಂದಿ ಗ್ರಾಹಕರಿಗೆ ಗೊತ್ತೇ ಇಲ್ಲದಂತೆ ಲಕ್ಷಗಟ್ಟಲೆ ಖಾತೆ ತೆರೆದರು. 2016ರಲ್ಲಿ ಬ್ಯಾಂಕಿಗೆ ಒಟ್ಟು 18.5 ಕೋಟಿ ಡಾಲರ್ ದಂಡ ಬಿತ್ತು, ಅದರಲ್ಲಿ 10 ಕೋಟಿ ಸಿಎಫ್‌ಪಿಬಿ ಹಾಕಿದ್ದು. ಸೆನೆಟ್ ವಿಚಾರಣೆಯಲ್ಲಿ ವಾರೆನ್ ಬ್ಯಾಂಕಿನ ಮುಖ್ಯಸ್ಥ ಜಾನ್ ಸ್ಟಂಫ್ ಅವರನ್ನು ಕೇಳಿದ್ದು ಸರಳ ಪ್ರಶ್ನೆ. ಕೆಳಗಿನ 5,300 ಜನರನ್ನು ಕೆಲಸದಿಂದ ತೆಗೆದಿರಿ. ಮೇಲಿನವರಲ್ಲಿ ಯಾರನ್ನು ತೆಗೆದಿರಿ? ಉತ್ತರ ಬರಲಿಲ್ಲ. ನೀವು ರಾಜೀನಾಮೆ ಕೊಡಬೇಕು ಎಂದರು. ಮುಂದಿನ ತಿಂಗಳು ಸ್ಟಂಫ್ ಹುದ್ದೆ ಬಿಟ್ಟರು.

ಬ್ಯೂರೋದ ಲೆಕ್ಕದ ಪ್ರಕಾರ ಅದು ಹುಟ್ಟಿದಾಗಿನಿಂದ ಗ್ರಾಹಕರಿಗೆ ಸುಮಾರು 21 ಶತಕೋಟಿ ಡಾಲರಿನಷ್ಟು ಪರಿಹಾರ ಸಿಕ್ಕಿದೆ.

ಗೋಡೆ ಗಟ್ಟಿಯಿತ್ತು, ಬಾಗಿಲು ತಪ್ಪಾದ ಕಡೆ ಇತ್ತು

ಈಗ ಮುಖ್ಯ ವಿಷಯಕ್ಕೆ ಬರೋಣ. ಇಷ್ಟು ಕೆಲಸ ಮಾಡುವ ಕಚೇರಿಯನ್ನು ಒಬ್ಬ ಅಧ್ಯಕ್ಷ ಬಂದು ಸುಮ್ನೆ ನಿಲ್ಲಿಸಿಬಿಡಬಹುದೇ?

ಕಾನೂನು ಬರೆದವರಿಗೆ ಈ ಭಯ ಮೊದಲೇ ಇತ್ತು. ಬ್ಯಾಂಕುಗಳು ಸಂಸದರ ಕೈಹಿಡಿದು ಬ್ಯೂರೋದ ಕತ್ತು ಹಿಸುಕುತ್ತವೆ ಎಂದು ಅವರು ಎರಡು ರಕ್ಷಣೆ ಇಟ್ಟರು. ಒಂದು, ದುಡ್ಡು. ಪ್ರತಿ ವರ್ಷ ಸಂಸತ್ತಿನ ಬಜೆಟ್ಟಿಗೆ ಕೈಯೊಡ್ಡುವ ಬದಲು ಕೇಂದ್ರೀಯ ಬ್ಯಾಂಕಾದ ಫೆಡರಲ್ ರಿಸರ್ವ್‌ನಿಂದ ನೇರ ಹಣ. ಎರಡು, ಒಬ್ಬರೇ ನಿರ್ದೇಶಕರು, ಐದು ವರ್ಷದ ಅವಧಿ, ಸರಿಯಾದ ಕಾರಣ ಇಲ್ಲದೆ ಅಧ್ಯಕ್ಷರೂ ತೆಗೆಯುವಂತಿಲ್ಲ.

ವಿರೋಧಿಗಳು ಹಿಡಿದದ್ದು ಇವೆರಡನ್ನೇ. ಚುನಾವಣೆಗೆ ನಿಲ್ಲದ ಒಬ್ಬ ಅಧಿಕಾರಿಗೆ ಇಷ್ಟು ಅಧಿಕಾರ, ಅವನ ಹಣದ ಚೀಲಕ್ಕೆ ಸಂಸತ್ತಿನ ಬೀಗವಿಲ್ಲ, ಅವನನ್ನು ಅಧ್ಯಕ್ಷರೂ ಕದಲಿಸುವಂತಿಲ್ಲ. ಇದು ಪ್ರಜಾಪ್ರಭುತ್ವವಾ? ರಿಪಬ್ಲಿಕನ್ನರ ಈ ವಾದವನ್ನು ಬ್ಯಾಂಕುಗಳ ವಕಾಲತ್ತು ಎಂದು ತಳ್ಳಿಹಾಕುವುದು ಸರಿಯಲ್ಲ. ನಮಗೆ ಇಷ್ಟವಾಗದ ಕಚೇರಿಗೆ ಇದೇ ಅಧಿಕಾರ ಸಿಕ್ಕಿದ್ದರೆ ನಾವೂ ಇದನ್ನೇ ಕೇಳುತ್ತಿದ್ದೆವು.

2020ರಲ್ಲಿ ಸುಪ್ರೀಂ ಕೋರ್ಟ್ 5-4 ಬಹುಮತದಿಂದ ಎರಡನೇ ರಕ್ಷಣೆಯನ್ನು ಕಿತ್ತುಹಾಕಿತು. ಅಧ್ಯಕ್ಷರು ಬೇಕೆಂದಾಗ ನಿರ್ದೇಶಕರನ್ನು ತೆಗೆಯಬಹುದು. ಇದರ ಮೊದಲ ಲಾಭ ಆದದ್ದು ಡೆಮಾಕ್ರಾಟರಿಗೇ. ಟ್ರಂಪ್ ನೇಮಿಸಿದ್ದ ನಿರ್ದೇಶಕಿ 2021ರ ಜನವರಿಯಲ್ಲಿ ಬೈಡನ್ ಅಧಿಕಾರಕ್ಕೆ ಬಂದ ದಿನವೇ ಹುದ್ದೆ ಬಿಡಬೇಕಾಯಿತು. ಹಣದ ವಿಚಾರದಲ್ಲಿ ಮಾತ್ರ 2024ರಲ್ಲಿ ಅದೇ ಕೋರ್ಟು 7-2ರಲ್ಲಿ ಬ್ಯೂರೋ ಪರ ನಿಂತಿತು, ತೀರ್ಪು ಬರೆದವರು ಸಂಪ್ರದಾಯವಾದಿ ನ್ಯಾಯಮೂರ್ತಿ ಕ್ಲಾರೆನ್ಸ್ ಥಾಮಸ್.

ಎರಡೂ ತೀರ್ಪು ಕೂಡಿಸಿ ನೋಡಿದರೆ ಏನಾಯಿತು? ಸಂಸತ್ತಿನ ಕಡೆಗೆ ಗೋಡೆ ಹಾಗೇ ಇತ್ತು. ಅಧ್ಯಕ್ಷರ ಕಡೆಗೆ ಬಾಗಿಲು ಹಾರುಹೊಡೆದಿತ್ತು. ಐದಾರು ಜನರ ಮಂಡಳಿ ಇದ್ದಿದ್ದರೆ ಒಬ್ಬರನ್ನು ತೆಗೆದರೂ ಉಳಿದವರು ಇರುತ್ತಿದ್ದರು. ಇಲ್ಲಿ ಇರುವುದು ಒಂದೇ ಕುರ್ಚಿ. ಆ ಕುರ್ಚಿ ಸಿಕ್ಕರೆ ಇಡೀ ಕಚೇರಿ ಸಿಕ್ಕಂತೆ. 2007ರ ಲೇಖನದಲ್ಲಿ ವಾರೆನ್ ಕೇಳಿದ್ದು ಸರಕುಗಳ ಸುರಕ್ಷತೆ ನೋಡುವ ಆಯೋಗದಂಥದ್ದನ್ನು. ಕೊನೆಗೆ ಬಂದದ್ದು ಒಬ್ಬರೇ ಯಜಮಾನರಿರುವ ಬ್ಯೂರೋ. ಆವತ್ತು ಇದು ಶಕ್ತಿ ಎನಿಸಿತ್ತು.

2025: ಬಾಗಿಲು ಮುಚ್ಚುವ ವರ್ಷ

2025ರ ಫೆಬ್ರುವರಿ 1ರಂದು ಟ್ರಂಪ್ ನಿರ್ದೇಶಕ ರೋಹಿತ್ ಚೋಪ್ರಾ ಅವರನ್ನು ತೆಗೆದರು. ಒಂದು ವಾರದಲ್ಲಿ ಬಜೆಟ್ ಮುಖ್ಯಸ್ಥ ರಸೆಲ್ ವೋಟ್ ಹಂಗಾಮಿ ನಿರ್ದೇಶಕರಾದರು. ಸಿಬ್ಬಂದಿಗೆ ಕೆಲಸ ನಿಲ್ಲಿಸಿ ಎಂದು ಆದೇಶ ಹೋಯಿತು, ವಾಷಿಂಗ್ಟನ್ನಿನ ಕಚೇರಿ ಮುಚ್ಚಿತು. ಏಪ್ರಿಲ್‌ನಲ್ಲಿ ಸುಮಾರು 1,700 ಸಿಬ್ಬಂದಿಯಲ್ಲಿ 200 ಜನರನ್ನಷ್ಟೇ ಉಳಿಸಿಕೊಂಡು ಮಿಕ್ಕವರನ್ನು ಕಳಿಸುವ ಪ್ರಯತ್ನ ಆಯಿತು. ನ್ಯಾಯಾಧೀಶೆ ಏಮಿ ಬರ್ಮನ್ ಜಾಕ್ಸನ್ ತಡೆದರು. ಆಗಸ್ಟ್‌ನಲ್ಲಿ ಮೇಲ್ಮನವಿ ಕೋರ್ಟಿನ ಮೂವರ ಪೀಠ 2-1ರಲ್ಲಿ ಆ ತಡೆ ತೆಗೆಯಿತು. ಡಿಸೆಂಬರ್‌ನಲ್ಲಿ ಅದೇ ಕೋರ್ಟಿನ ಪೂರ್ಣಪೀಠ, ನಾವೇ ಮತ್ತೆ ಕೇಳುತ್ತೇವೆ ಎಂದಿತು.

ಮಧ್ಯೆ ಹಣದ ವಿಷಯದಲ್ಲಿ ಒಂದು ತಮಾಷೆಯ ವಾದ ಹುಟ್ಟಿತು. ಕಾನೂನಿನಲ್ಲಿ ಬ್ಯೂರೋಗೆ ಫೆಡರಲ್ ರಿಸರ್ವ್‌ನ 'ಗಳಿಕೆ'ಯಿಂದ ಹಣ ಕೊಡಬೇಕು ಎಂದಿದೆ. 2022ರಿಂದ ಫೆಡರಲ್ ರಿಸರ್ವ್ ನಷ್ಟದಲ್ಲಿತ್ತು. ಗಳಿಕೆ ಎಂದರೆ ಲಾಭ, ಲಾಭವೇ ಇಲ್ಲದ ಮೇಲೆ ಕೊಡಲು ಏನಿದೆ ಎಂದು ಸರ್ಕಾರದ ವಕೀಲರು ಹೇಳಿದರು. ವರ್ಷದ ಕೊನೆಯಲ್ಲಿ ಜಾಕ್ಸನ್ ಇದನ್ನು ಒಪ್ಪಲಿಲ್ಲ, ಹಣ ಕೇಳುವುದನ್ನು ನಿಲ್ಲಿಸುವಂತಿಲ್ಲ ಎಂದರು. ಅಷ್ಟರಲ್ಲಿ ಸಂಸತ್ತು ಬ್ಯೂರೋ ಪಡೆಯಬಹುದಾದ ಹಣದ ಮಿತಿಯನ್ನೇ ಫೆಡರಲ್ ರಿಸರ್ವ್ ವೆಚ್ಚದ ಶೇ 12ರಿಂದ 6.5ಕ್ಕೆ ಇಳಿಸಿ ಆಗಿತ್ತು.

ನಿಯಮಗಳೂ ಒಂದೊಂದಾಗಿ ಬಿದ್ದವು. ದೊಡ್ಡ ಬ್ಯಾಂಕುಗಳ ಓವರ್‌ಡ್ರಾಫ್ಟ್ ಶುಲ್ಕವನ್ನು 5 ಡಾಲರಿಗೆ ತರುವ ನಿಯಮವನ್ನು ಸಂಸತ್ತು ರದ್ದು ಮಾಡಿತು, ಮೇ ತಿಂಗಳಲ್ಲಿ ಟ್ರಂಪ್ ಸಹಿ ಹಾಕಿದರು. ಆಸ್ಪತ್ರೆ ಸಾಲವನ್ನು ಕ್ರೆಡಿಟ್ ವರದಿಯಿಂದ ಕೈಬಿಡುವ ನಿಯಮವನ್ನು ಟೆಕ್ಸಾಸ್ ಕೋರ್ಟು ಜುಲೈನಲ್ಲಿ ತಳ್ಳಿಹಾಕಿತು. ಅದಕ್ಕೂ ಮೊದಲು, ಕಾರ್ಡ್ ಕಂತು ತಡವಾದರೆ ಹಾಕುವ ಶುಲ್ಕವನ್ನು ಸುಮಾರು 32 ಡಾಲರಿನಿಂದ 8ಕ್ಕೆ ಇಳಿಸುವ ನಿಯಮ ಏಪ್ರಿಲ್‌ನಲ್ಲಿ ಹೋಯಿತು. ಇದರಲ್ಲಿ ಬ್ಯಾಂಕುಗಳೂ ಬ್ಯೂರೋವೂ ಒಟ್ಟಿಗೇ ಹೋಗಿ, ಇದನ್ನು ರದ್ದು ಮಾಡಿ ಎಂದು ಕೋರ್ಟನ್ನು ಕೇಳಿಕೊಂಡವು. ನಿಯಮ ಮಾಡಿದ ಕಚೇರಿಯೇ ನಿಯಮ ಬೇಡ ಎಂದಿತು.

ಶೇ 10 ಸಾಧ್ಯವೇ? ಯಾರು ಏನನ್ನುತ್ತಾರೆ

ಇಂಥ ವರ್ಷದ ಬೆನ್ನಿಗೇ ಬಂದದ್ದು ಶೇ 10ರ ಘೋಷಣೆ. ಟ್ರಂಪ್‌ಗೆ ಇದು ಹೊಸದೇನಲ್ಲ, 2024ರ ಚುನಾವಣಾ ಪ್ರಚಾರದಲ್ಲೂ ಹೇಳಿದ್ದರು. ಎಡದ ಬರ್ನಿ ಸ್ಯಾಂಡರ್ಸ್ ಮತ್ತು ಬಲದ ಜಾಶ್ ಹಾಲಿ 2025ರಲ್ಲೇ ಸೆನೆಟ್‌ನಲ್ಲಿ ಮಸೂದೆ ಮಂಡಿಸಿದ್ದರು, ಐದು ವರ್ಷ ಶೇ 10. ಜನರಿಗೆ ಬೆಲೆಯೇರಿಕೆಯ ಬಿಸಿ ತಟ್ಟಿದಾಗ ಬಡ್ಡಿಯ ಸಿಟ್ಟಿಗೆ ಪಕ್ಷವಿಲ್ಲ.

ಜನವರಿ 20 ಬಂತು, ಹೋಯಿತು. ಕಾರ್ಡುಗಳ ಬಡ್ಡಿ ಇದ್ದಲ್ಲೇ ಇತ್ತು. ಅಧ್ಯಕ್ಷರು ಹೇಳಿದ ಮಾತ್ರಕ್ಕೆ ಬಡ್ಡಿ ಇಳಿಸಬೇಕಾದ ಕಾನೂನು ಇಲ್ಲ. ಬ್ಯೂರೋ ಆದರೂ ಮಾಡಬಹುದಿತ್ತಾ? ಅದೂ ಇಲ್ಲ. ಬಡ್ಡಿಗೆ ಮಿತಿ ಹಾಕುವ ಅಧಿಕಾರ ಬ್ಯೂರೋಗೆ ಇಲ್ಲ ಎಂದು ಡಾಡ್-ಫ್ರಾಂಕ್ ಕಾನೂನಿನಲ್ಲೇ ಸ್ಪಷ್ಟವಾಗಿ ಬರೆದಿದೆ. ಉಳಿದ ದಾರಿ ಸಂಸತ್ತು ಒಂದೇ. ಟ್ರಂಪ್ ಕೂಡ ಸ್ವಿಟ್ಜರ್ಲೆಂಡಿನ ದಾವೋಸ್ ಆರ್ಥಿಕ ಸಮಾವೇಶಕ್ಕೆ ಹೋಗಿ ಸಂಸತ್ತಿನ ಕಡೆಗೇ ಕೈತೋರಿಸಿದರು.

ಬ್ಯಾಂಕುಗಳ ವಾದ ಹೀಗಿದೆ. ಕಾರ್ಡ್ ಸಾಲಕ್ಕೆ ಅಡಮಾನ ಇಲ್ಲ. ನೂರರಲ್ಲಿ ಒಂದಷ್ಟು ಜನ ಕಟ್ಟುವುದಿಲ್ಲ, ಆ ನಷ್ಟ ಬಡ್ಡಿಯಲ್ಲೇ ಸರಿದೂಗಬೇಕು. ಶೇ 10ಕ್ಕೆ ಕಟ್ಟಿಹಾಕಿದರೆ ಅಪಾಯ ಜಾಸ್ತಿ ಇರುವವರ ಕಾರ್ಡು ರದ್ದಾಗುತ್ತದೆ, ಅಥವಾ ಸಾಲದ ಮಿತಿ ಇಳಿಯುತ್ತದೆ. ಅವರು ಸಂಬಳದ ದಿನದವರೆಗೆ ಸಾಲ ಕೊಡುವ ಅಂಗಡಿಗಳಿಗೆ ಹೋಗುತ್ತಾರೆ. ನಮ್ಮ ಮಾತಲ್ಲಿ ಹೇಳುವುದಾದರೆ ಬ್ಯಾಂಕಿನಿಂದ ಓಡಿಸಿ ಮೀಟರ್ ಬಡ್ಡಿಯವರ ಕೈಗೆ ಒಪ್ಪಿಸಿದಂತೆ. ಇದು ಆರ್ಥಿಕ ಅನಾಹುತವಾಗುತ್ತದೆ ಎಂದು ಜೆಪಿ ಮಾರ್ಗನ್ ಮುಖ್ಯಸ್ಥ ಜೇಮಿ ಡೈಮನ್ ದಾವೋಸ್‌ನಲ್ಲಿ ಎಚ್ಚರಿಸಿದರು.

ಇದು ಬರೀ ಬೆದರಿಕೆಯಲ್ಲ. ಶೇ 10 ಎಂಬುದು ಬಹಳ ಕೆಳಗಿನ ಮಿತಿ. ಲಾಭಕ್ಕಾಗಿ ನಡೆಯದ, ನಮ್ಮ ಸಹಕಾರ ಸಂಘಗಳಂಥ ಅಲ್ಲಿನ ಕೇಂದ್ರೀಯ ಕ್ರೆಡಿಟ್ ಯೂನಿಯನ್‌ಗಳಿಗೇ ಶೇ 18ರ ಮಿತಿ ಇದೆ. ಸೈನಿಕರ ಸಾಲಕ್ಕೆ 2006ರ ಕಾನೂನಿನಲ್ಲಿ ಶೇ 36. ಆ ಶೇ 18ರಲ್ಲಿ ಕ್ರೆಡಿಟ್ ಯೂನಿಯನ್‌ಗಳು ಮುಳುಗಿಹೋಗದೆ ಕಾರ್ಡು ಕೊಡುತ್ತಲೇ ಇವೆ ಅನ್ನೋದೂ ನಿಜ. ಹಾಗಾಗಿ ಮಿತಿ ಹಾಕಿದರೆ ಜಗತ್ತೇ ಮುಳುಗುತ್ತದೆ ಎಂಬುದೂ ಅತಿ, ಶೇ 10 ಹಾಕಿದರೆ ಯಾರಿಗೂ ಏಟು ಬೀಳದು ಎಂಬುದೂ ಅತಿ. ಒಂದು ವರ್ಷದ ತಾತ್ಕಾಲಿಕ ಮಿತಿ ಎಂಬುದಂತೂ ಇನ್ನೂ ವಿಚಿತ್ರ. ಬ್ಯಾಂಕು ಒಂದು ವರ್ಷ ಸಾಲ ಬಿಗಿಮಾಡಿ ಕಾದರೆ ಸಾಕು.

ನಮ್ಮಲ್ಲಿ ಇದೇ ಪ್ರಶ್ನೆ ಎದ್ದಾಗ

ಭಾರತದಲ್ಲಿ ಈ ಜಗಳ ಹೆಚ್ಚು ಸದ್ದಿಲ್ಲದೆ ಮುಗಿದಿದೆ. ಕಾರ್ಡ್ ಬಾಕಿಗೆ ವರ್ಷಕ್ಕೆ ಶೇ 30ಕ್ಕಿಂತ ಜಾಸ್ತಿ ಬಡ್ಡಿ ಹಾಕುವುದು ಅನುಚಿತ ವ್ಯಾಪಾರ ಎಂದು ರಾಷ್ಟ್ರೀಯ ಗ್ರಾಹಕ ಆಯೋಗ 2008ರಲ್ಲಿ ಹೇಳಿತು. ಬ್ಯಾಂಕುಗಳು ಸುಪ್ರೀಂ ಕೋರ್ಟಿಗೆ ಹೋದವು. 2024ರ ಡಿಸೆಂಬರ್ 20ರಂದು ಕೋರ್ಟು ಆ ಆದೇಶ ರದ್ದು ಮಾಡಿತು. ಬಡ್ಡಿ ನೋಡಿಕೊಳ್ಳುವುದು ರಿಸರ್ವ್ ಬ್ಯಾಂಕಿನ ಕೆಲಸ, ಗ್ರಾಹಕ ಆಯೋಗದ್ದಲ್ಲ ಎಂದಿತು. ರಿಸರ್ವ್ ಬ್ಯಾಂಕು ಗರಿಷ್ಠ ಮಿತಿ ಎಂದು ಯಾವ ಅಂಕಿಯನ್ನೂ ಹಾಕಿಲ್ಲ. ತಿಂಗಳಿಗೆ ಶೇ 3.5 ಎಂದು ಓದಿದಾಗ ಚಿಕ್ಕದಾಗಿ ಕಾಣುವ ಬಡ್ಡಿ ವರ್ಷಕ್ಕೆ ಶೇ 42. ಅಮೆರಿಕದವರು ಗಲಾಟೆ ಮಾಡುತ್ತಿರುವುದು ಅದರ ಅರ್ಧಕ್ಕೆ! 2025ರ ಫೆಬ್ರುವರಿಯಲ್ಲಿ ಕರ್ನಾಟಕ ಸರ್ಕಾರ ತಂದ ಕಿರುಸಾಲ ಸುಗ್ರೀವಾಜ್ಞೆಯ ಗುರಿ ಕೂಡ ವಸೂಲಿಯ ದೌರ್ಜನ್ಯ, ಬ್ಯಾಂಕ್ ಕಾರ್ಡಿನ ಬಡ್ಡಿ ದರ ಅಲ್ಲ.

ಮಸೂದೆ ಪಾಸಾದರೂ

ಶೇ 10 ಅಲ್ಲದಿದ್ದರೆ ಶೇ 15, ಯಾವುದೋ ಒಂದು ಮಿತಿ ಸಂಸತ್ತಿನಲ್ಲಿ ಪಾಸಾಯಿತು ಎಂದೇ ಇಟ್ಟುಕೊಳ್ಳೋಣ. ರಿಪಬ್ಲಿಕನ್ ನಾಯಕರೇ ಹಿಂದೆಮುಂದೆ ನೋಡುತ್ತಿರುವಾಗ ಅದು ಸುಲಭವಲ್ಲ, ಆದರೂ ಇರಲಿ. ಬ್ಯಾಂಕು ಬಡ್ಡಿಯಲ್ಲಿ ಕಳೆದುಕೊಂಡದ್ದನ್ನು ಎಲ್ಲಿ ಹುಡುಕುತ್ತದೆ? ವಾರ್ಷಿಕ ಶುಲ್ಕದಲ್ಲಿ, ತಡವಾದ ಕಂತಿನ ಶುಲ್ಕದಲ್ಲಿ. ಅಲ್ಲಿನ ಈಗಿನ ನಿಯಮದ ಪ್ರಕಾರ ತಡವಾದ ಕಂತಿನ ಶುಲ್ಕ ಬಡ್ಡಿದರದ ಲೆಕ್ಕಕ್ಕೆ ಸೇರುವುದೇ ಇಲ್ಲ.

ವಾರೆನ್ ಆ ಫೋನಿನಲ್ಲಿ ಬಡ್ಡಿಗೆ ಹೂಂ ಅಂದರೂ ಬ್ಯೂರೋದ ಜಗಳ ಬಿಡದಿರುವುದು ಇದಕ್ಕೇ. ಬಡ್ಡಿಯ ಅಂಕಿ ಕಣ್ಣಿಗೆ ಕಾಣುತ್ತದೆ, ಅದನ್ನು ಯಾರು ಬೇಕಾದರೂ ಘೋಷಿಸಬಹುದು. ಮೂವತ್ತು ಪುಟದ ಕರಾರಿನಲ್ಲಿ ಆ ಅಂಕಿ ಯಾವ ಹೆಸರಿನಲ್ಲಿ ಮತ್ತೆ ತಲೆಯೆತ್ತುತ್ತದೆ ಎಂದು ನೋಡಲು ಪ್ರತಿದಿನ ಕೂತು ಓದುವವರು ಬೇಕು.

ಕಾರ್ಡಿನಲ್ಲಿ 300 ಡಾಲರ್ ಬಾಕಿ ಇದೆ, ಬಡ್ಡಿ ಶೇ 10 ಎಂದುಕೊಳ್ಳಿ. ತಿಂಗಳ ಬಡ್ಡಿ ಎರಡೂವರೆ ಡಾಲರ್. ಕಂತು ಎರಡು ದಿನ ತಡವಾಯಿತು. ಶುಲ್ಕ ಸುಮಾರು 32 ಡಾಲರ್. ಅದು 8 ಡಾಲರ್ ಆಗಬೇಕಿತ್ತು.